ದೇವರು ಎತ್ತಲಾರದ ಕಲ್ಲು

“ದೇವರು ಸರ್ವಶಕ್ತ ಅಂತೀರಲ್ಲ, ತನ್ನ ಕೈಲೇ ಎತ್ತೋಕಾಗದಷ್ಟು ಭಾರದ ಕಲ್ಲನ್ನು ಅವನು ಸೃಷ್ಟಿ ಮಾಡಬಲ್ಲನೇ?” ಆಸ್ತಿಕ–ನಾಸ್ತಿಕರ ವಾದ ಹಾಸ್ಟೆಲ್ ಕೋಣೆಯಲ್ಲೇ ನಡೆಯಲಿ, ಟಿವಿ ಸ್ಟುಡಿಯೋದಲ್ಲೇ ನಡೆಯಲಿ, ಸ್ವಲ್ಪ ಹೊತ್ತಿನಲ್ಲೇ ಯಾರಾದರೊಬ್ಬರು ಈ ಕಲ್ಲನ್ನು ತಂದು ನಡುವೆ ಇಡುತ್ತಾರೆ. ಸೃಷ್ಟಿಸಬಲ್ಲ ಎಂದರೆ ಎತ್ತಲಾರ ಎಂದಾಯಿತು. ಸೃಷ್ಟಿಸಲಾರ ಎಂದರೆ ಅವನಿಂದಾಗದ ಕೆಲಸ ಅಲ್ಲೇ ಒಂದು ಸಿಕ್ಕಿತು. ಯಾವ ಉತ್ತರ ಕೊಟ್ಟರೂ ಸರ್ವಶಕ್ತನಿಗೆ ಆಗದ್ದೊಂದು ಉಳಿಯುತ್ತದೆ. ಹಾಗಾಗಿ ಸರ್ವಶಕ್ತ ಎಂಬವನು ಇರುವುದೇ ಸಾಧ್ಯವಿಲ್ಲ. ಕೇಳಿದವರು ಗೆದ್ದೆವೆಂದು ಬೀಗುತ್ತಾರೆ, ಕೇಳಿಸಿಕೊಂಡವರು ‘ಇದೆಲ್ಲ ಕುತರ್ಕ’ ಎಂದು ಎದ್ದು ಹೋಗುತ್ತಾರೆ.

ಇಬ್ಬರದೂ ಅವಸರ. ಈ ಒಂದು ಕಲ್ಲಿನಿಂದ ದೇವರಿಲ್ಲವೆಂದು ಸಾಧಿಸುವುದು ಕಷ್ಟ. ಹಾಗೆಂದು ಇದು ಬರೀ ಮಾತಿನ ಆಟವೂ ಅಲ್ಲ. ಕಲ್ಲಿನಿಂದ ಪಾರಾಗಲು ಆಸ್ತಿಕ ಯಾವ ದಾರಿ ಹಿಡಿಯುತ್ತಾನೋ, ‘ಸರ್ವಶಕ್ತನೊಬ್ಬ ಇದ್ದೂ ಲೋಕದಲ್ಲಿ ಇಷ್ಟು ದುಃಖವೇಕೆ’ ಎಂಬ ಪ್ರಶ್ನೆ ಬಂದಾಗಲೂ ಅವನು ಅದೇ ದಾರಿಯಲ್ಲಿ ನಿಂತು ಉತ್ತರ ಹೇಳಬೇಕಾಗುತ್ತದೆ. ಇಲ್ಲಿ ಸಾಲ ಮಾಡಿದ್ದನ್ನು ಅಲ್ಲಿ ತೀರಿಸಬೇಕು. ಈ ಲೇಖನದಲ್ಲಿ ನಾನು ತೋರಿಸಹೊರಟಿರುವುದು ಆ ಲೆಕ್ಕವನ್ನೇ.

ಕಲ್ಲು ಬರುವುದಕ್ಕೂ ಮೊದಲು

ಕಲ್ಲಿನ ರೂಪ ಪಡೆಯುವ ಮುನ್ನ ಪ್ರಶ್ನೆ ಬೇರೆ ಬೇರೆ ವೇಷದಲ್ಲಿತ್ತು. ಆಗಿಹೋದದ್ದನ್ನು ಆಗದಂತೆ ಮಾಡುವುದೊಂದು ಮಾತ್ರ ದೇವರಿಗೂ ಆಗದು ಎಂದು ಗ್ರೀಕ್ ಕವಿ ಅಗಥಾನ್ ಹೇಳಿದ್ದನ್ನು ಅರಿಸ್ಟಾಟಲ್ ಮೆಚ್ಚಿ ಉದ್ಧರಿಸುತ್ತಾನೆ. 10ನೆಯ ಶತಮಾನದಲ್ಲಿ ಬಾಗ್ದಾದಿನ ಯೆಹೂದಿ ಪಂಡಿತ ಸಾದಿಯಾ ಗಾವೋನ್ ಇಂಥ ಪ್ರಶ್ನೆಗಳ ಒಂದು ಪಟ್ಟಿಯನ್ನೇ ಕೊಟ್ಟ: ಏನನ್ನೂ ಸೇರಿಸದೆ ಐದನ್ನು ಹತ್ತಕ್ಕಿಂತ ದೊಡ್ಡದು ಮಾಡುವುದು, ಲೋಕವನ್ನು ಕಿರಿದಾಗಿಸದೆ, ಉಂಗುರವನ್ನೂ ಹಿಗ್ಗಿಸದೆ, ಉಂಗುರದ ತೂತಿನೊಳಗೆ ಲೋಕವನ್ನು ತೂರಿಸುವುದು, ಕಳೆದುಹೋದ ನಿನ್ನೆಯನ್ನು ಮರಳಿ ತರುವುದು. ಇವು ಅಸಂಬದ್ಧ, ಇವನ್ನು ಮಾಡಬಲ್ಲನೆಂದು ದೇವರನ್ನು ಹೊಗಳುವುದರಲ್ಲಿ ಅರ್ಥವಿಲ್ಲ ಎಂಬುದು ಅವನ ನಿಲುವು.

ಇದನ್ನು ಒಪ್ಪದವರೂ ಇದ್ದರು. 11ನೆಯ ಶತಮಾನದ ಇಟಲಿಯ ಸನ್ಯಾಸಿ ಪೀಟರ್ ಡೇಮಿಯನ್ ಮೊಂಟೆ ಕಸ್ಸಿನೋ ಮಠಕ್ಕೆ ಹೋಗಿದ್ದಾಗ ಊಟದ ಹೊತ್ತಿನಲ್ಲಿ ಒಂದು ಮಾತು ಬಂತು. ದೇವರು ಎಲ್ಲವನ್ನೂ ಮಾಡಬಲ್ಲ, ಆದರೆ ಕಳೆದುಹೋದ ಕನ್ಯತ್ವವನ್ನು ಮರಳಿ ಕೊಡಲಾರ ಎಂದು ಸಂತ ಜೆರೋಮ್ ಎಂದೋ ಬರೆದಿದ್ದ. ಮಠಾಧಿಪತಿ ದೆಸಿದೇರಿಯಸ್ ಅದನ್ನು ಸಮರ್ಥಿಸಿ, ದೇವರು ಇಚ್ಛಿಸದಿರುವುದರಿಂದ ಮಾಡಲಾರ, ಅಷ್ಟೇ ಎಂದ. ಡೇಮಿಯನ್‌ಗೆ ಇದು ಹಿಡಿಸಲಿಲ್ಲ. ಇಚ್ಛಿಸದ್ದನ್ನು ದೇವರು ಮಾಡಲಾರ ಎನ್ನುವುದಾದರೆ ಮಾಡಿದ್ದಷ್ಟೇ ಅವನ ಶಕ್ತಿ ಎಂದಾಗುತ್ತದೆ. ಇವತ್ತು ಮಳೆ ಬರಲಿಲ್ಲವೆಂದರೆ ಮಳೆ ತರಿಸುವ ಶಕ್ತಿಯೇ ಅವನಿಗಿರಲಿಲ್ಲ ಎನ್ನಬೇಕಾಗುತ್ತದೆ. ಆಮೇಲೆ, ಸುಮಾರು 1065ರಲ್ಲಿ, ದೆಸಿದೇರಿಯಸ್‌ಗೆ ಬರೆದ ದೀರ್ಘ ಪತ್ರದಲ್ಲಿ ಅವನು ಪ್ರಶ್ನೆಯನ್ನು ಇನ್ನೂ ಬಿಗಿ ಮಾಡಿದ: ರೋಮ್ ನಗರ ಇದ್ದೇ ಇರಲಿಲ್ಲ ಎಂಬಂತೆ ದೇವರು ಮಾಡಬಲ್ಲನೇ? ನಿನ್ನೆ, ಇಂದು, ನಾಳೆಗಳು ನಮಗೆ. ನಿತ್ಯನಾದವನಿಗೆ ಎಲ್ಲವೂ ಒಮ್ಮೆಗೇ ಎದುರಿಗಿವೆ. ಆದ್ದರಿಂದ ಒಂದು ಕಾಲದಲ್ಲಿದ್ದ ಶಕ್ತಿ ಅವನಿಂದ ಜಾರಿಹೋಯಿತು ಎನ್ನುವಂತಿಲ್ಲ ಎಂದು ಅವನ ಉತ್ತರ. ಇದ್ದ ರೋಮನ್ನು ಇರಲಿಲ್ಲವಾಗಿಸಬಲ್ಲ ಎಂದು ಅವನು ಹೇಳಿದನೋ, ಅಥವಾ ರೋಮ್ ಎಂದೂ ಇಲ್ಲದಂಥ ಲೋಕವನ್ನು ಸೃಷ್ಟಿಸಬಹುದಿತ್ತು ಎಂದಷ್ಟೇ ಹೇಳಿದನೋ, ವಿದ್ವಾಂಸರು ಇಂದಿಗೂ ಜಗ್ಗಾಡುತ್ತಾರೆ.

ಇಸ್ಲಾಮಿನಲ್ಲೂ ಎರಡೂ ದನಿಗಳಿವೆ. ಬೆಂಕಿ ತಾಗಿದಾಗ ಹತ್ತಿ ಸುಡುವುದು ಬೆಂಕಿಯ ಗುಣದಿಂದಲ್ಲ, ಪ್ರತಿ ಸಲವೂ ಅಲ್ಲಾಹನ ಇಚ್ಛೆಯಿಂದ ಎಂದು ವಾದಿಸಿದ ಅಲ್ ಘಜಾಲಿ ದೇವರ ಶಕ್ತಿಯನ್ನು ಅತಿ ದೂರ ಒಯ್ದವನು. ಅಂಥವನೂ ಒಂದು ಗೆರೆಯ ಬಳಿ ನಿಂತ. ಒಂದು ವಸ್ತು ಏಕಕಾಲಕ್ಕೆ ಇದೆಯೆಂದೂ ಇಲ್ಲವೆಂದೂ ಆಗಿಸುವುದು ಶಕ್ತಿಯ ವ್ಯಾಪ್ತಿಗೆ ಬರುವ ಸಂಗತಿಯೇ ಅಲ್ಲ ಎಂದ.

ಬಂಜೆಯ ಮಗ

ಆ ಗೆರೆಯನ್ನು ಎಲ್ಲರಿಗಿಂತ ಸ್ಪಷ್ಟವಾಗಿ ಎಳೆದವನು 13ನೆಯ ಶತಮಾನದ ಕ್ರೈಸ್ತ ತತ್ತ್ವಜ್ಞ ಥಾಮಸ್ ಅಕ್ವೈನಸ್. ಸರ್ವಶಕ್ತ ಎಂದರೆ ಸಾಧ್ಯವಿರುವ ಎಲ್ಲವನ್ನೂ ಮಾಡಬಲ್ಲವನು. ಸಾಧ್ಯ ಎಂದರೆ ಹೇಳಿಕೆಯೊಳಗೇ ವಿರೋಧ ಇಲ್ಲದ್ದು. ವಿರೋಧ ಇರುವುದನ್ನು ‘ದೇವರು ಮಾಡಲಾರ’ ಎನ್ನುವುದಕ್ಕಿಂತ ‘ಅದು ಆಗುವಂಥದ್ದಲ್ಲ’ ಎನ್ನುವುದು ಮೇಲು ಎಂದು ಅವನು ಬರೆದ.

ನಮ್ಮ ಶಾಸ್ತ್ರ ಬಲ್ಲವರಿಗೆ ಇದು ಹೊಸತೇನಲ್ಲ. ‘ನನ್ನ ತಾಯಿ ಬಂಜೆ’ ಎಂಬಂಥ, ತನ್ನನ್ನು ತಾನೇ ಕಡಿದುಕೊಳ್ಳುವ ಮಾತನ್ನು ವದತೋವ್ಯಾಘಾತ ಎನ್ನುತ್ತಾರೆ. ಗೌಡಪಾದರು ಮಾಂಡೂಕ್ಯ ಕಾರಿಕೆಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬಂಜೆಯ ಮಗ ನಿಜವಾಗಿಯೂ ಹುಟ್ಟುವುದಿಲ್ಲ, ಮಾಯೆಯಿಂದ ಕೂಡ ಹುಟ್ಟುವುದಿಲ್ಲ ಎನ್ನುತ್ತಾರೆ. ಇಡೀ ಜಗತ್ತನ್ನೇ ತೋರಿಸಬಲ್ಲ ಮಾಯೆಗೂ ಬಂಜೆಯ ಮಗನನ್ನು ತೋರಿಸಲಾಗದು. ಮಾಯೆಯ ಶಕ್ತಿ ಕಡಿಮೆ ಬಿತ್ತೆಂದಲ್ಲ. ‘ಬಂಜೆಯ ಮಗ’ ಎಂಬ ಮಾತಿನ ಹಿಂದೆ ತೋರಿಸಬೇಕಾದದ್ದೇ ಏನೂ ಇಲ್ಲ.

ಇದೇ ಉತ್ತರವನ್ನು 1963ರಲ್ಲಿ ಜಾರ್ಜ್ ಮಾವ್ರೋಡಿಸ್ ಎಂಬ ಅಮೆರಿಕದ ತತ್ತ್ವಜ್ಞ ಕಲ್ಲಿಗೆ ಅನ್ವಯಿಸಿದ. ದೇವರು ಸರ್ವಶಕ್ತ ಎಂದುಕೊಂಡ ಮೇಲೆ ‘ಅವನು ಎತ್ತಲಾರದ ಕಲ್ಲು’ ಎಂಬುದು ‘ಎಲ್ಲವನ್ನೂ ಎತ್ತಬಲ್ಲವನು ಎತ್ತಲಾರದ ಕಲ್ಲು’ ಎಂದಾಗುತ್ತದೆ. ಅದೂ ಬಂಜೆಯ ಮಗನೇ. ಅದನ್ನು ಮಾಡಲಾಗದಿರುವುದು ಕೊರತೆಯಲ್ಲ.

ಕೇಳಲು ಚೆನ್ನಾಗಿದೆ, ಆದರೆ ಇದರಲ್ಲೊಂದು ತೊಡಕಿದೆ. ಪ್ರಶ್ನೆ ಕೇಳಿದವನು ಸಂಶಯಿಸುತ್ತಿರುವುದೇ ಸರ್ವಶಕ್ತ ಎಂಬ ಕಲ್ಪನೆಗೆ ಅರ್ಥವಿದೆಯೇ ಎಂದು. ‘ಸರ್ವಶಕ್ತನಿದ್ದಾನೆ ಎಂದು ಇಟ್ಟುಕೊಳ್ಳೋಣ, ಆಗ ನಿನ್ನ ಕಲ್ಲಿಗೆ ಅರ್ಥವಿಲ್ಲ’ ಎಂದರೆ ಸಾಧಿಸಬೇಕಾದದ್ದನ್ನು ಮೊದಲೇ ಕೈಗೆತ್ತಿಕೊಂಡಂತಾಯಿತು. 1967ರಲ್ಲಿ ವೇಡ್ ಸ್ಯಾವೇಜ್ ಇದನ್ನು ಎತ್ತಿ ತೋರಿಸಿ, ಬೇರೊಂದು ಬಿಡಿಸುವಿಕೆ ಕೊಟ್ಟ. ನನ್ನ ಮಟ್ಟಿಗೆ ಈ ಚರ್ಚೆಯಲ್ಲಿ ಅತ್ಯಂತ ಅಚ್ಚುಕಟ್ಟಾದದ್ದು ಅದೇ.

ಒಂದು ಹಾಳೆಯ ಮೇಲೆ ಎರಡು ಸಾಲು ಎಳೆಯಿರಿ. ಎಡಗಡೆ ಒಬ್ಬ ಮಾಡಬಲ್ಲ ಕಲ್ಲುಗಳ ತೂಕ, ಬಲಗಡೆ ಅವನೇ ಎತ್ತಬಲ್ಲ ತೂಕ. 1 ಟನ್: ಮಾಡಬಲ್ಲ, ಎತ್ತಬಲ್ಲ. 1 ಲಕ್ಷ ಟನ್: ಮಾಡಬಲ್ಲ, ಎತ್ತಬಲ್ಲ. ಹೀಗೆ ಎಷ್ಟು ದೂರ ಹೋದರೂ ಎರಡು ಸಾಲುಗಳೂ ನಿಲ್ಲುವುದಿಲ್ಲ. ಈಗ ‘ಇವನು ತಾನು ಎತ್ತಲಾರದ ಕಲ್ಲನ್ನು ಮಾಡಲಾರ’ ಎಂದರೆ ಏನರ್ಥ? ಎಡಗಡೆ ಇರುವ ಪ್ರತಿಯೊಂದು ತೂಕವೂ ಬಲಗಡೆಯೂ ಇದೆ ಎಂದಷ್ಟೇ. ಎಡ ಸಾಲಿನಲ್ಲಿ ಒಂದು ಅಂಕಿಯೂ ಕಾಣೆಯಾಗಿಲ್ಲ, ಬಲ ಸಾಲಿನಲ್ಲೂ ಕಾಣೆಯಾಗಿಲ್ಲ. ‘ಮಾಡಲಾರ’ ಎಂಬ ಮಾತು ಕಿವಿಗೆ ಕೊರತೆಯಂತೆ ಕೇಳಿಸುತ್ತದೆಯೇ ಹೊರತು ಹಾಳೆಯ ಮೇಲೆ ಕೊರತೆ ಎಲ್ಲೂ ಇಲ್ಲ. ಗಮನಿಸಿ, ಇಲ್ಲಿ ಸರ್ವಶಕ್ತನಿದ್ದಾನೆ ಎಂದು ಮೊದಲೇ ಒಪ್ಪಿಕೊಳ್ಳಬೇಕಾಗಲಿಲ್ಲ.

ಇಷ್ಟಾದರೂ ಚುರುಕು ನಾಸ್ತಿಕನ ಕೈಯಲ್ಲಿ ಒಂದು ಬಾಣ ಉಳಿದಿರುತ್ತದೆ. ತೇರು ಕಟ್ಟುವ ಆಚಾರಿ ತಾನು ಎತ್ತಲಾಗದ ತೇರನ್ನು ಕಟ್ಟುತ್ತಾನೆ. ‘ಮಾಡಿದವನೇ ಎತ್ತಲಾರದ ವಸ್ತುವನ್ನು ಮಾಡುವುದು’ ಎಂಬ ಕೆಲಸದಲ್ಲಿ ವಿರೋಧವೇನೂ ಇಲ್ಲ, ದಿನವೂ ನಡೆಯುತ್ತಿದೆ. ಆಚಾರಿಯ ಕೈಲಾಗುವುದು ದೇವರ ಕೈಲಾಗದೇ? ಇದಕ್ಕೆ ಹಳೆಯ ಉತ್ತರವಿದೆ. 11ನೆಯ ಶತಮಾನದ ಕ್ರೈಸ್ತ ಸಂತ ಆನ್ಸೆಲ್ಮ್, ಸುಳ್ಳು ಹೇಳುವ, ಕೆಡುವ ‘ಶಕ್ತಿ’ ಶಕ್ತಿಯಲ್ಲ, ಅಶಕ್ತಿ ಎಂದಿದ್ದ. ಆಚಾರಿಗೆ ಆ ‘ಸಾಮರ್ಥ್ಯ’ ಬಂದದ್ದು ತೋಳಿನಲ್ಲಿ ಬಲ ಸಾಲದ್ದರಿಂದ. ಸೋಲುವುದನ್ನು ಸಾಮರ್ಥ್ಯಗಳ ಪಟ್ಟಿಯಲ್ಲಿ ಸೇರಿಸಲಾಗದು.

ಸರಿ, ಹಾಗಾದರೆ ‘ತನ್ನ ಸ್ವಭಾವಕ್ಕೆ ಒಪ್ಪುವ ಎಲ್ಲವನ್ನೂ ಮಾಡಬಲ್ಲವನು ಸರ್ವಶಕ್ತ’ ಎಂದು ಲಕ್ಷಣ (ವ್ಯಾಖ್ಯೆ) ಬರೆದುಬಿಡೋಣವೇ? ಹಾಗೆ ಮಾಡಿದರೆ ಇನ್ನೊಂದು ಗುಂಡಿ. ಸ್ವಭಾವತಃ ತನ್ನ ಕಿವಿಯನ್ನು ಕೆರೆದುಕೊಳ್ಳುವುದೊಂದೇ ಸಾಧ್ಯವಿರುವ ಒಬ್ಬ ಮನುಷ್ಯನನ್ನು ಅಮೆರಿಕದ ತತ್ತ್ವಜ್ಞ ಆಲ್ವಿನ್ ಪ್ಲಾಂಟಿಂಗಾ ಕಲ್ಪಿಸುತ್ತಾನೆ. ಈ ಲಕ್ಷಣದ ಪ್ರಕಾರ ಕಿವಿ ಕೆರೆದುಕೊಳ್ಳುವ ಆ ಮಹಾಶಯನೂ ಸರ್ವಶಕ್ತನೇ! ಸರ್ವಶಕ್ತಿಗೆ ಒಂದು ತಪ್ಪಿಲ್ಲದ ಲಕ್ಷಣ ಬರೆಯುವುದು ಕಲ್ಲೆತ್ತುವುದಕ್ಕಿಂತ ಕಷ್ಟ.

ಈ ರಗಳೆಯೇ ಬೇಡವೆಂದು ಇಂಗ್ಲಿಷ್ ತತ್ತ್ವಜ್ಞ ಪೀಟರ್ ಗೀಚ್ 1973ರಲ್ಲಿ ಬೇರೆ ದಾರಿ ಹೇಳಿದ. ‘ಏನನ್ನು ಬೇಕಾದರೂ ಮಾಡಬಲ್ಲವನು’ ಎಂಬುದು ತತ್ತ್ವಜ್ಞರು ಅಂಟಿಸಿದ ಮಾತು; ಭಕ್ತರಿಗೆ ಬೇಕಾದದ್ದು ‘ಎಲ್ಲದರ ಮೇಲೂ ಒಡೆತನ ಇರುವವನು’ ಎಂಬುದು. ಅವನ ಅಪ್ಪಣೆಯಿಲ್ಲದೆ ಹುಲ್ಲುಕಡ್ಡಿಯೂ ಅಲುಗಾಡದು ಎನ್ನುತ್ತೇವಲ್ಲ, ಅದು. ಕೇನೋಪನಿಷತ್ತಿನಲ್ಲಿ ಯಕ್ಷರೂಪದ ಬ್ರಹ್ಮ ಒಂದು ಹುಲ್ಲುಕಡ್ಡಿಯನ್ನು ಮುಂದಿಟ್ಟಾಗ ಅಗ್ನಿ ಅದನ್ನು ಸುಡಲಾರದೆ, ವಾಯು ಅದನ್ನು ಹಾರಿಸಲಾರದೆ ಹಿಂದಿರುಗುತ್ತಾರೆ. ಆ ಕತೆಯಲ್ಲಿ ಬ್ರಹ್ಮ ದುಂಡಗಿನ ಚೌಕವನ್ನು ಮಾಡಿ ತೋರಿಸುವುದಿಲ್ಲ. ಉಳಿದವರ ಶಕ್ತಿಯೆಲ್ಲ ಯಾರಿಂದ ಬಂದದ್ದು ಎಂದು ತೋರಿಸುತ್ತದೆ. ಭಕ್ತನ ಅನುಭವಕ್ಕೆ ಗೀಚ್‌ನ ಮಾತು ಹತ್ತಿರ ಎಂದೇ ನನ್ನ ಎಣಿಕೆ. ಆದರೆ ಒಡೆತನ ದೊಡ್ಡದಾದಷ್ಟೂ ಹೊಣೆಯೂ ದೊಡ್ಡದಾಗುತ್ತದೆ. ಆ ವಿಷಯ ಮುಂದಿದೆ.

ಭಸ್ಮಾಸುರನೂ ಪಾರ್ಲಿಮೆಂಟೂ

ಕಲ್ಲಿಗೆ ಜೀವ ಬಂದರೆ ಪ್ರಶ್ನೆ ಇನ್ನೂ ಬಿಕ್ಕಟ್ಟಾಗುತ್ತದೆ. ಆಸ್ಟ್ರೇಲಿಯಾದಲ್ಲಿ ಹುಟ್ಟಿದ ತತ್ತ್ವಜ್ಞ ಜೆ. ಎಲ್. ಮ್ಯಾಕಿ 1955ರಲ್ಲಿ ಅದನ್ನು ಹೀಗೆ ಕೇಳಿದ: ಸೃಷ್ಟಿಸಿದ ಮೇಲೆ ತನ್ನ ಹಿಡಿತಕ್ಕೇ ಸಿಗದಂಥ ಜೀವಿಗಳನ್ನು ಸರ್ವಶಕ್ತ ಸೃಷ್ಟಿಸಬಲ್ಲನೇ? ಯಕ್ಷಗಾನ ನೋಡಿದವರಿಗೆ ಇದು ಮ್ಯಾಕಿ ಹೇಳಿಕೊಡಬೇಕಾದ ಕತೆಯಲ್ಲ. ತಲೆಯ ಮೇಲೆ ಕೈಯಿಟ್ಟರೆ ಬೂದಿಯಾಗಬೇಕೆಂಬ ವರವನ್ನು ಶಿವ ಕೊಟ್ಟ, ಭಸ್ಮಾಸುರ ಆ ಕೈಯನ್ನು ಕೊಟ್ಟವನ ತಲೆಯತ್ತಲೇ ಚಾಚಿದ, ಶಿವ ಓಡಿದ. ವರವನ್ನು ಹಿಂದಕ್ಕೆ ಪಡೆಯಬಹುದಿತ್ತಲ್ಲ ಎಂದು ನೋಡುತ್ತಿರುವ ಮಕ್ಕಳು ಕೇಳುತ್ತಾರೆ. ಹಿಂದಕ್ಕೆ ಪಡೆಯಬಹುದಾದ ವರ ವರವೇ ಅಲ್ಲ. ಕೊಡುವ ಶಕ್ತಿ ಪೂರ್ತಿಯಾಗಿರಬೇಕಾದರೆ ಕೊಟ್ಟದ್ದು ಕೊಟ್ಟವನನ್ನೂ ಕಟ್ಟಿಹಾಕಬೇಕು. ನಮ್ಮ ಪುರಾಣಗಳು ಈ ಗಂಟನ್ನು ತರ್ಕ ಮುರಿದು ಬಿಡಿಸುವುದಿಲ್ಲ, ಉಪಾಯದಿಂದ ಬಿಡಿಸುತ್ತವೆ. ಮೋಹಿನಿ ಕುಣಿಯುತ್ತಾಳೆ, ಅಸುರ ತನ್ನ ತಲೆಯನ್ನೇ ಮುಟ್ಟಿಕೊಳ್ಳುತ್ತಾನೆ. ಹಿರಣ್ಯಕಶಿಪುವಿನ ವಿಷಯದಲ್ಲೂ ಅಷ್ಟೆ: ಹಗಲಲ್ಲ ಇರುಳಲ್ಲ, ಒಳಗಲ್ಲ ಹೊರಗಲ್ಲ, ಮನುಷ್ಯನಲ್ಲ ಮೃಗವಲ್ಲ. ವರದ ಒಂದಕ್ಷರವೂ ಸುಳ್ಳಾಗದಂತೆ ನರಸಿಂಹ ಹೊಸ್ತಿಲ ಮೇಲೆ ಕೂರುತ್ತಾನೆ.

ಮ್ಯಾಕಿ ಇದನ್ನು ವಿವರಿಸಲು ಆರಿಸಿಕೊಂಡ ಹೋಲಿಕೆ ಪಾರ್ಲಿಮೆಂಟು. ಯಾವ ಕಾನೂನನ್ನು ಬೇಕಾದರೂ ಮಾಡಬಲ್ಲ ಪರಮಾಧಿಕಾರದ ಸಂಸತ್ತು, ಮುಂದಿನ ಸಂಸತ್ತುಗಳ ಕೈ ಕಟ್ಟುವ ಕಾನೂನನ್ನೂ ಮಾಡಬಲ್ಲುದೇ? ಮಾಡಬಲ್ಲುದಾದರೆ ನಾಳೆಯ ಸಂಸತ್ತಿಗೆ ಪರಮಾಧಿಕಾರವಿಲ್ಲ. ಆಗದೆಂದರೆ ಇಂದಿನದಕ್ಕಿಲ್ಲ. ಅವನು ಎರಡು ಮೆಟ್ಟಿಲು ಮಾಡಿದ: ಕೆಲಸ ಮಾಡುವ ಶಕ್ತಿ ಒಂದು, ಯಾರಿಗೆ ಯಾವ ಶಕ್ತಿ ಇರಬೇಕೆಂದು ತೀರ್ಮಾನಿಸುವ ಶಕ್ತಿ ಇನ್ನೊಂದು. ಕಾಲದಲ್ಲಿ ಬಾಳುವ ಯಾವನಿಗೂ ಎರಡೂ ಎಲ್ಲ ಕಾಲಕ್ಕೂ ಪೂರ್ತಿಯಾಗಿ ಇರಲಾರವು ಎಂಬುದು ಅವನ ತೀರ್ಮಾನ.

ಈ ಹೋಲಿಕೆ ನಮ್ಮ ದೇಶದಲ್ಲಿ ನ್ಯಾಯಾಲಯದ ಮೆಟ್ಟಿಲನ್ನೇ ಏರಿತು, ಅದೂ ಒಂದು ಮಠದ ಹೆಸರಿನಲ್ಲಿ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳು ಕೇರಳದ ಭೂಸುಧಾರಣೆಯ ವಿರುದ್ಧ ಹೂಡಿದ ದಾವೆಯಲ್ಲಿ, 1973ರ ಏಪ್ರಿಲ್ 24ರಂದು ಸುಪ್ರೀಂ ಕೋರ್ಟಿನ 13 ನ್ಯಾಯಮೂರ್ತಿಗಳ ಪೀಠ 7–6ರ ಬಹುಮತದಿಂದ, ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ ಎಂದಿತು. ತಿದ್ದುವ ತನ್ನ ಅಧಿಕಾರಕ್ಕೆ ಮಿತಿಯೇ ಇಲ್ಲವೆಂದು ಸಂಸತ್ತು 1976ರಲ್ಲಿ 42ನೆಯ ತಿದ್ದುಪಡಿಯ ಮೂಲಕ ಬರೆದುಕೊಂಡಿತು. 1980ರಲ್ಲಿ, ಬೆಂಗಳೂರಿನ ಮಿನರ್ವ ಮಿಲ್ಸ್‌ನ ಪ್ರಕರಣದಲ್ಲಿ, ಮಿತಿಯುಳ್ಳ ಅಧಿಕಾರ ತನ್ನನ್ನು ತಾನೇ ಮಿತಿಯಿಲ್ಲದ್ದಾಗಿ ಮಾಡಿಕೊಳ್ಳಲಾಗದು ಎಂದು ನ್ಯಾಯಾಲಯ ಆ ಭಾಗವನ್ನು ಹೊಡೆದುಹಾಕಿತು. ಸಂಸತ್ತಿಗೆ ಹೀಗೆ ಹೇಳಲು ಮೇಲೊಂದು ಕೋರ್ಟಿದೆ. ದೇವರ ವಿಷಯದಲ್ಲಿ ಆ ಸ್ಥಾನದಲ್ಲಿ ಕೂರಬಲ್ಲದ್ದು ತರ್ಕ ಒಂದೇ. ತರ್ಕ ದೇವರಿಗಿಂತ ಮೇಲೋ ಕೆಳಗೋ ಎಂಬುದೇ ಮುಂದಿನ ಜಗಳ.

ತರ್ಕವನ್ನೂ ದೇವರೇ ಮಾಡಿದ್ದರೆ

1630ರಲ್ಲಿ ತನ್ನ ಪಾದ್ರಿ ಗೆಳೆಯ ಮೆರ್ಸೆನ್‌ಗೆ ಬರೆದ ಪತ್ರಗಳಲ್ಲಿ ಫ್ರೆಂಚ್ ತತ್ತ್ವಜ್ಞ ದೆಕಾರ್ತ್ ಅಕ್ವೈನಸ್‌ನ ಗೆರೆಯನ್ನೇ ಅಳಿಸಿದ. ಗಣಿತದ ಸತ್ಯಗಳು ದೇವರಿಗೆ ಮೊದಲೇ ಇದ್ದು ಅವನನ್ನು ಕಟ್ಟಿಹಾಕುತ್ತವೆ ಎನ್ನುವುದು ಅವನನ್ನು ವಿಧಿಗೆ ಅಧೀನನಾದ ಗ್ರೀಕ್ ದೇವತೆಯ ಮಟ್ಟಕ್ಕೆ ಇಳಿಸಿದಂತೆ. ಅವನ್ನೂ ದೇವರೇ ರಾಜಾಜ್ಞೆಯಂತೆ ಸ್ಥಾಪಿಸಿದ. ಲೋಕವನ್ನು ಸೃಷ್ಟಿಸದೇ ಇರಲು ಎಷ್ಟು ಸ್ವತಂತ್ರನಾಗಿದ್ದನೋ, ವೃತ್ತದ ಕೇಂದ್ರದಿಂದ ಪರಿಧಿಗೆ ಎಳೆದ ಗೆರೆಗಳು ಸಮವಾಗದಂತೆ ಮಾಡಲೂ ಅಷ್ಟೇ ಸ್ವತಂತ್ರನಾಗಿದ್ದ.

ಇಂಥ ದೇವರಿಗೆ ಕಲ್ಲು ಲೆಕ್ಕಕ್ಕೇ ಇಲ್ಲ. ಅಸಾಧ್ಯವನ್ನು ಮಾಡಬಲ್ಲವನಾದರೆ ಒಂದರ ಬದಲು ಎರಡು ಅಸಾಧ್ಯಗಳನ್ನು ಮಾಡಲಿ ಎಂದು 1964ರಲ್ಲಿ ಹ್ಯಾರಿ ಫ್ರಾಂಕ್‌ಫರ್ಟ್ ತೋರಿಸಿದ: ಎತ್ತಲಾರದ ಕಲ್ಲನ್ನು ಮಾಡಲಿ, ಆಮೇಲೆ ಅದನ್ನು ಎತ್ತಲಿ. ‘ಎತ್ತಲಾರದ್ದನ್ನು ಎತ್ತಿದನೇ?’ ಎಂದು ಕೇಳಿದರೆ, ವಿರೋಧ ನಮಗೆ ಮಾತ್ರ ಎಂಬ ಉತ್ತರ ಸಿದ್ಧವಾಗಿದೆ. ವಾದದಲ್ಲಿ ಇದನ್ನು ಸೋಲಿಸಲಾಗದು, ಏಕೆಂದರೆ ವಾದದ ನಿಯಮಗಳೇ ಇಲ್ಲಿ ನಡೆಯುವುದಿಲ್ಲ. ಸೋಲಿಸಲಾಗದ್ದು ಇದರ ಬಲವೆಂದು ಕೆಲವರು ತಿಳಿಯುತ್ತಾರೆ. ನನಗೆ ಅದೇ ದೋಷವಾಗಿ ಕಾಣುತ್ತದೆ: ಅಂಥ ದೇವರ ಬಗ್ಗೆ ‘ಅವನು ದಯಾಮಯ’ ಎಂದರೂ ‘ದಯಾಮಯನಲ್ಲ’ ಎಂದರೂ ವ್ಯತ್ಯಾಸವೇ ಉಳಿಯದು.

ಸರ್ವಶಕ್ತಿಯ ಈ ಜಗ್ಗಾಟದಿಂದ ಅನಿರೀಕ್ಷಿತ ಫಲವೂ ಬಂತು ಎಂಬುದನ್ನು ಇಲ್ಲೇ ಹೇಳಿಬಿಡಬೇಕು. 1277ರ ಮಾರ್ಚ್ 7ರಂದು ಪ್ಯಾರಿಸಿನ ಬಿಷಪ್ ಎಟಿಯೆನ್ ಟಾಂಪಿಯೆ 219 ಹೇಳಿಕೆಗಳನ್ನು ಖಂಡಿಸಿ ಆಜ್ಞೆ ಹೊರಡಿಸಿದ. ‘ದೇವರು ಅನೇಕ ಲೋಕಗಳನ್ನು ಸೃಷ್ಟಿಸಲಾರ’, ‘ನಿರ್ವಾತ ಉಳಿದುಬಿಡುವುದರಿಂದ ಆಕಾಶಗೋಳವನ್ನು ದೇವರು ಸರಳರೇಖೆಯಲ್ಲಿ ಚಲಿಸುವಂತೆ ಮಾಡಲಾರ’ ಎಂಬವು ಅದರಲ್ಲಿದ್ದವು. ಅರಿಸ್ಟಾಟಲನ ಭೌತಶಾಸ್ತ್ರದ ಪ್ರಕಾರ ಇವು ಆಗದವು. ಆಗದು ಎಂದರೆ ದೇವರ ಶಕ್ತಿಗೆ ಕುಂದು ಎಂದು ಬಿಷಪ್ ಗದರಿಸಿದ ಮೇಲೆ ವಿದ್ವಾಂಸರು ‘ಆಗಬಹುದು’ ಎಂದುಕೊಂಡು ಯೋಚಿಸಬೇಕಾಯಿತು. ನಿರ್ವಾತದಲ್ಲಿ ವಸ್ತು ಹೇಗೆ ಚಲಿಸೀತು, ಇನ್ನೊಂದು ಲೋಕವಿದ್ದರೆ ಅಲ್ಲಿನ ಕಲ್ಲು ಎತ್ತ ಬಿದ್ದೀತು ಎಂದು ಬರೆಯತೊಡಗಿದರು. ಆಧುನಿಕ ವಿಜ್ಞಾನ ಹುಟ್ಟಿದ್ದೇ ಅಂದು ಎಂದು 20ನೆಯ ಶತಮಾನದ ಆರಂಭದಲ್ಲಿ ವಿಜ್ಞಾನದ ಇತಿಹಾಸಕಾರ ಪಿಯೆರ್ ಡುಹೆಮ್ ವಾದಿಸಿದ. ಅದು ಅತಿಯಾಯಿತು ಎಂದು ನಂತರದ ಇತಿಹಾಸಕಾರರು ತಗ್ಗಿಸಿದ್ದಾರೆ. ಧರ್ಮದ ಬೆದರಿಕೆಯೊಂದು ಕಲ್ಪನೆಗೆ ಬಾಗಿಲು ತೆರೆದ ಅಪರೂಪದ ಸಂದರ್ಭವಂತೂ ಹೌದು.

ಲೆಕ್ಕ ಚುಕ್ತಾ ಆಗುವ ಜಾಗ

ಈಗ ದುಃಖದ ಪ್ರಶ್ನೆ. ದೇವರು ಸರ್ವಶಕ್ತ, ದೇವರು ಪೂರ್ಣ ಒಳ್ಳೆಯವನು, ಲೋಕದಲ್ಲಿ ಕೇಡಿದೆ: ಈ ಮೂರೂ ಒಟ್ಟಿಗೆ ನಿಲ್ಲವು ಎಂದು ಮ್ಯಾಕಿ ಅದೇ 1955ರ ಪ್ರಬಂಧದಲ್ಲಿ ವಾದಿಸಿದ. ವಾಡಿಕೆಯ ಉತ್ತರ: ಮನುಷ್ಯನಿಗೆ ಸ್ವಾತಂತ್ರ್ಯ ಕೊಟ್ಟ ಮೇಲೆ ಅವನು ಕೆಟ್ಟದ್ದನ್ನೂ ಆರಿಸಬಹುದು, ತಪ್ಪು ದೇವರದಲ್ಲ. ಮ್ಯಾಕಿ ಕೇಳಿದ: ಒಬ್ಬ ಮನುಷ್ಯ ಒಂದು ಸಲ ಸ್ವಇಚ್ಛೆಯಿಂದ ಒಳ್ಳೆಯದನ್ನು ಆರಿಸುವುದರಲ್ಲಿ ವಿರೋಧವಿಲ್ಲ. ಪ್ರತಿ ಸಲವೂ ಹಾಗೆ ಆರಿಸುವುದರಲ್ಲಿ ಎಲ್ಲಿಂದ ವಿರೋಧ ಬಂತು? ಸದಾ ಒಳ್ಳೆಯದನ್ನೇ ಆರಿಸುವ ಸ್ವತಂತ್ರ ಮನುಷ್ಯರನ್ನು ಸರ್ವಶಕ್ತ ಸೃಷ್ಟಿಸಬಹುದಿತ್ತಲ್ಲ?

ಪ್ಲಾಂಟಿಂಗಾ 1974ರಲ್ಲಿ ಕೊಟ್ಟ ಉತ್ತರವನ್ನು ಗಮನವಿಟ್ಟು ನೋಡಿದರೆ ಹಳೆಯ ಕಲ್ಲೇ ಕಾಣುತ್ತದೆ. ಎಲ್ಲರೂ ಸದಾ ಒಳ್ಳೆಯದನ್ನೇ ಆರಿಸುವ ಲೋಕ ಕಲ್ಪನೆಗೆ ಸಿಗುತ್ತದೆ, ನಿಜ. ಅದು ಆಗುವುದು ಬಿಡುವುದು ಆರಿಸುವವರ ಕೈಯಲ್ಲಿದೆ. ‘ಅವರು ಸ್ವತಂತ್ರವಾಗಿ ಇದನ್ನೇ ಆರಿಸುವಂತೆ ದೇವರು ಮಾಡಿದ’ ಎಂಬುದು ಬಂಜೆಯ ಮಗ. ಅಕ್ವೈನಸ್‌ನ ಗೆರೆಯನ್ನು ಒಪ್ಪಿದವನಿಗೆ ಇಲ್ಲಿ ರಕ್ಷಣೆ ಸಿಗುತ್ತದೆ. ದೆಕಾರ್ತ್‌ನ ದಾರಿ ಹಿಡಿದವನಿಗೆ ಸಿಗದು. ಅವನ ದೇವರು ಅಸಾಧ್ಯವನ್ನೂ ಮಾಡಬಲ್ಲವನು, ಮಾಡಲಿಲ್ಲ, ಅಷ್ಟೇ. ಕಲ್ಲಿನ ಮುಂದೆ ಗೆದ್ದವನು ಇಲ್ಲಿ ಬರಿಗೈ. ಮ್ಯಾಕಿ ಕೂಡ 1982ರ ಹೊತ್ತಿಗೆ, ಆಸ್ತಿಕರ ಮೂಲ ನಂಬಿಕೆಗಳು ತಾರ್ಕಿಕವಾಗಿ ಪರಸ್ಪರ ವಿರುದ್ಧ ಎಂದು ಕೇಡಿನ ಸಮಸ್ಯೆ ತೋರಿಸಿಕೊಡುವುದಿಲ್ಲ ಎಂದು ಒಪ್ಪಿಕೊಂಡ.

ಗೆರೆ ಎಳೆದವನ ಸಾಲವೂ ತೀರಿಲ್ಲ. 1755ರ ನವೆಂಬರ್ 1, ಸಕಲ ಸಂತರ ಹಬ್ಬದ ಬೆಳಿಗ್ಗೆ, ಜನ ಚರ್ಚುಗಳಲ್ಲಿ ಸೇರಿದ್ದಾಗ ಲಿಸ್ಬನ್ ಕಂಪಿಸಿತು. ಅದರ ಬೆನ್ನಿಗೆ ಸಮುದ್ರ ಉಕ್ಕಿತು, ಬೆಂಕಿ ಹತ್ತಿತು. ಇಲ್ಲಿ ಯಾರ ಆಯ್ಕೆಯ ಪ್ರಶ್ನೆ? ಭೂಕಂಪವಿಲ್ಲದ ಬೆಳಗು ಎಂಬ ಮಾತಿನಲ್ಲಿ ವಿರೋಧವೇನೂ ಇಲ್ಲ. ಅದೃಶ್ಯ ದುಷ್ಟಶಕ್ತಿಗಳ ಸ್ವತಂತ್ರ ಇಚ್ಛೆ ಕಾರಣವಾಗಿರುವುದು ಅಸಾಧ್ಯವಲ್ಲ ಎಂದು ಪ್ಲಾಂಟಿಂಗಾ ಹೇಳಿದ. ತರ್ಕದ ಬಿರುಕು ಮುಚ್ಚಲು ಅಷ್ಟು ಸಾಕು, ನಂಬಲು ಸಾಲದು. ಕಾಡ್ಗಿಚ್ಚಿನಲ್ಲಿ ಸುಟ್ಟು ದಿನಗಟ್ಟಲೆ ನರಳಿ ಸಾಯುವ ಜಿಂಕೆ ಮರಿಯನ್ನು 1979ರಲ್ಲಿ ಅಮೆರಿಕದ ತತ್ತ್ವಜ್ಞ ವಿಲಿಯಂ ರೋ ಮುಂದಿಟ್ಟದ್ದು ಇದಕ್ಕೇ. ವಿರೋಧ ಇದೆಯೆಂದು ಅವನು ವಾದಿಸಲಿಲ್ಲ. ಆ ನೋವಿನಿಂದ ಸಿಗುವ, ಬೇರೆ ರೀತಿಯಲ್ಲಿ ಸಿಗದ ಒಳಿತೊಂದಿದೆ ಎಂದು ನಂಬಲು ನಮಗೇನು ಆಧಾರ ಎಂದು ಕೇಳಿದ. ಇಂದಿನ ಗಂಭೀರ ಚರ್ಚೆ ನಡೆಯುತ್ತಿರುವುದು ಈ ಜಿಂಕೆ ಮರಿಯ ಸುತ್ತ, ಕಲ್ಲಿನ ಸುತ್ತ ಅಲ್ಲ.

ಸಾಲವೇ ಬೇಡವೆಂದು ಸರ್ವಶಕ್ತಿಯನ್ನೇ ಬಿಟ್ಟುಕೊಟ್ಟವರೂ ಇದ್ದಾರೆ. ಯೆಹೂದಿ ತತ್ತ್ವಜ್ಞ ಹಾನ್ಸ್ ಯೋನಾಸ್‌ನ ತಾಯಿ ನಾಜಿಗಳ ಸಾವಿನ ಶಿಬಿರವಾದ ಆಶ್ವಿಟ್ಸ್‌ನಲ್ಲಿ ಕೊಲೆಯಾದವಳು. 1984ರಲ್ಲಿ ಟ್ಯೂಬಿಂಗನ್‌ನಲ್ಲಿ ಮಾಡಿದ ಉಪನ್ಯಾಸದಲ್ಲಿ ಅವನು, ಲೋಕಕ್ಕೆ ಜಾಗ ಮಾಡಿಕೊಡಲು ದೇವರು ತನ್ನ ಶಕ್ತಿಯನ್ನು ತ್ಯಜಿಸಿದ, ಅವನು ಸುಮ್ಮನಿದ್ದದ್ದು ಮನಸ್ಸಿಲ್ಲದೆ ಅಲ್ಲ, ಕೈಲಾಗದೆ ಎಂದ.

ಮಳಖೇಡದಿಂದ ಉಡುಪಿಗೆ

ಇದೇ ಲೆಕ್ಕಾಚಾರ ಕನ್ನಡ ನೆಲದಲ್ಲೂ ನಡೆದಿದೆ, ಅದೂ ಅಕ್ವೈನಸ್‌ಗಿಂತ ನಾಲ್ಕು ಶತಮಾನ ಮೊದಲೇ ಶುರುವಾಗಿ. ಮಾನ್ಯಖೇಟದಿಂದ (ಇಂದಿನ ಮಳಖೇಡ) ಆಳಿದ ರಾಷ್ಟ್ರಕೂಟ ಅಮೋಘವರ್ಷನ ಗುರು ಜಿನಸೇನಾಚಾರ್ಯರು 9ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ ಆದಿಪುರಾಣ ಪಂಪನ ಆದಿಪುರಾಣಕ್ಕೆ ಆಧಾರ. ಅದರ ಒಂದು ಭಾಗ ಸೃಷ್ಟಿಕರ್ತನ ಖಂಡನೆಗೆ ಮೀಸಲು. ಕೃತಾರ್ಥನಾದವನಿಗೆ ಸೃಷ್ಟಿಸುವ ಬಯಕೆ ಏಕೆ ಹುಟ್ಟಿತು? ಲೀಲೆ ಎಂದರೆ ಅದು ಹುಡುಗಾಟ. ಕರುಣೆಯಿಂದ ಎಂದರೆ ಎಲ್ಲರನ್ನೂ ಸುಖಿಗಳನ್ನಾಗಿ ಏಕೆ ಮಾಡಲಿಲ್ಲ? ಜೀವಿಗಳ ಕರ್ಮಕ್ಕನುಸಾರ ಸೃಷ್ಟಿಸುತ್ತಾನೆ ಎಂದರೆ ಅವನು ಈಶ್ವರನೇ ಅಲ್ಲ, ಬೇರೊಂದಕ್ಕೆ ಅಧೀನ. ಈ ಕೊನೆಯ ಏಟು ಬಲವಾದದ್ದು.

ಏಕೆಂದರೆ ವೇದಾಂತಿಗಳ ಮುಖ್ಯ ಆಸರೆಯೇ ಕರ್ಮ. ದೇವರಿಗೆ ಪಕ್ಷಪಾತ, ಕ್ರೌರ್ಯಗಳ ದೋಷ ಇಲ್ಲ, ಅವನು ಕರ್ಮವನ್ನು ಅಪೇಕ್ಷಿಸಿ ಸೃಷ್ಟಿಸುತ್ತಾನೆ ಎಂದು ಬ್ರಹ್ಮಸೂತ್ರ ಹೇಳುತ್ತದೆ. ಅಲ್ಲಿ ಶಂಕರರು ಮಳೆಯ ಉದಾಹರಣೆ ಕೊಡುತ್ತಾರೆ: ಮಳೆ ಎಲ್ಲಕ್ಕೂ ಸಮ, ಭತ್ತ ಭತ್ತವಾಗುವುದು ಜವೆ ಜವೆಯಾಗುವುದು ಬೀಜದಿಂದ. ಒಳ್ಳೆಯತನ ಉಳಿಯಿತು, ಬೀಜದ ಮೇಲೆ ಮಳೆಗೆ ಅಧಿಕಾರವಿಲ್ಲ ಎಂಬುದೂ ಉಳಿಯಿತು.

13ನೆಯ ಶತಮಾನದಲ್ಲಿ ಉಡುಪಿಯ ಮಧ್ವಾಚಾರ್ಯರಿಗೆ ಇಷ್ಟು ಬಿಟ್ಟುಕೊಡಲು ಮನಸ್ಸಿಲ್ಲ. ಅವರ ದರ್ಶನದ ಬುನಾದಿಯೇ ವಿಷ್ಣು ಒಬ್ಬನೇ ಸ್ವತಂತ್ರ, ಉಳಿದದ್ದೆಲ್ಲ ಪರತಂತ್ರ ಎಂಬುದು. ಅದೇ ಸೂತ್ರಗಳ ಭಾಷ್ಯದಲ್ಲಿ ಅವರು, ಕರ್ಮವನ್ನು ಅಪೇಕ್ಷಿಸುವುದರಿಂದ ಈಶ್ವರನ ಸ್ವಾತಂತ್ರ್ಯಕ್ಕೆ ಕುಂದಿಲ್ಲ, ಆ ಕರ್ಮ ಇರುವುದೇ ಅವನ ಅಧೀನವಾಗಿ ಎನ್ನುತ್ತಾರೆ. ದ್ರವ್ಯ, ಕರ್ಮ, ಕಾಲ, ಸ್ವಭಾವ, ಜೀವ ಎಲ್ಲವೂ ಅವನ ಅನುಗ್ರಹದಿಂದ ಇವೆ, ಅವನು ಉಪೇಕ್ಷಿಸಿದರೆ ಇಲ್ಲ ಎಂಬ ಭಾಗವತದ ಶ್ಲೋಕ ಅವರಿಗೆ ಆಧಾರ. ಜಿನಸೇನರ ಏಟಿಗೆ ಇದಕ್ಕಿಂತ ನೇರ ಉತ್ತರವಿಲ್ಲ.

ಆದರೆ ಕರ್ಮವೇ ಅವನ ಅಧೀನವಾದ ಮೇಲೆ ಕರ್ಮದ ಮೇಲೆ ಹೊರಿಸಿದ್ದ ಹೊಣೆ ತಿರುಗಿ ಅವನ ಬಾಗಿಲಿಗೇ ಬರುತ್ತದೆ. ಮಧ್ವರು ಇಲ್ಲಿ ಹಿಂಜರಿಯುವುದಿಲ್ಲ. ಜೀವಗಳನ್ನು ದೇವರು ಯಾವುದೋ ಒಂದು ದಿನ ಸೃಷ್ಟಿಸಿದ್ದಲ್ಲ, ಅವು ಅನಾದಿ. ಅವುಗಳ ಸ್ವಭಾವವೂ ಅನಾದಿ. ಕೆಲವು ಜೀವರು ಮುಕ್ತಿಗೆ ಯೋಗ್ಯರು, ಕೆಲವರು ನಿತ್ಯ ಸಂಸಾರಿಗಳು, ಕೆಲವರು ಅಂಧತಮಸ್ಸಿಗೇ, ಅಂದರೆ ಬಿಡುಗಡೆಯಿಲ್ಲದ ಕತ್ತಲೆಯ ನರಕಕ್ಕೇ, ಯೋಗ್ಯರು. ಒಳಗಿದ್ದದ್ದು ಹೊರಬರುವಂತೆ ದೇವರು ನಡೆಸುತ್ತಾನೆ. ಭಾರತದ ಆಸ್ತಿಕ ದರ್ಶನಗಳಲ್ಲಿ, ಎಂದೆಂದಿಗೂ ಬಿಡುಗಡೆಯಿಲ್ಲದ ಜೀವರ ಮಾತನ್ನು ಇಷ್ಟು ನೇರವಾಗಿ ಆಡಿದವರು ವಿರಳ. ದೇವರ ಸ್ವಾತಂತ್ರ್ಯವನ್ನು ಒಂದು ಕೂದಲೆಳೆಯಷ್ಟೂ ಕಡಿಮೆ ಮಾಡದೆ, ದೋಷವನ್ನೂ ಅವನಿಗೆ ಅಂಟಿಸದೆ ಇರಬೇಕಾದರೆ ತೆರಬೇಕಾದ ಬೆಲೆ ಇದು ಎಂದು ನಾನು ಓದಿಕೊಂಡಿದ್ದೇನೆ. ಮಾಧ್ವರು ಇದನ್ನು ಬೆಲೆ ಎನ್ನದೆ ಶಾಸ್ತ್ರಸಿದ್ಧ ಸತ್ಯ ಎನ್ನುತ್ತಾರೆ. ಆ ಶ್ಲೋಕದ ಪಟ್ಟಿಯಲ್ಲಿ ಸ್ವಭಾವವೂ ಸೇರಿದೆ ಎಂಬುದನ್ನು ಎದುರಾಳಿ ಬಿಡುವುದಿಲ್ಲ: ಸ್ವಭಾವವೂ ಅವನ ಅಧೀನವಾಗಿದ್ದರೆ, ತಮಸ್ಸಿಗೆ ಯೋಗ್ಯನಾದವನ ಸ್ವಭಾವವನ್ನು ದೇವರು ಬದಲಿಸಬಲ್ಲನೇ? ಬದಲಿಸಬಲ್ಲ ಎಂದರೆ ಏಕೆ ಬದಲಿಸಲಿಲ್ಲ ಎಂದು ಕೇಳುತ್ತಾನೆ. ಬದಲಿಸಲಾರ ಎಂದರೆ ಜಿನಸೇನರ ಪಕ್ಕ ಹೋಗಿ ಕೂರುತ್ತಾನೆ.